ಬಾಯಿಗೆ ಬದಲಾಗಿ ಒಂದು ನಳಿಕೆ

ಉಣ್ಣುವುದು, ನುಂಗುವುದು ನಮಗೆ ಎಷ್ಟು ಸಹಜವೆಂದರೆ ಅವುಗಳ ವಿಷಯವಾಗಿ ನಾವು ಎಂದೂ ಯೋಚಿಸುವುದಿಲ್ಲ. ತುತ್ತನ್ನು ಬಾಯಿಗಿಟ್ಟೆವು, ಅಗಿದೆವು, ನುಂಗಿದೆವು. ಮುಂದಿನದು ಹೊಟ್ಟೆಯ ಕೆಲಸ. ಆದರೆ ನುಂಗುವ ಶಕ್ತಿಯೊಂದನ್ನೇ ಕಳೆದುಕೊಂಡು, ಆದರೂ ಬಾಳನ್ನು ನಡೆಸುತ್ತಿರುವ ಜನರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಜಠರವು ಕೆಟ್ಟಿಲ್ಲ, ಕರುಳುಗಳು ಕೆಟ್ಟಿಲ್ಲ. ಕೆಟ್ಟಿರುವುದು ಬಾಯಿಯಿಂದ ಜಠರಕ್ಕೆ ಹೋಗುವ ದಾರಿ ಮಾತ್ರ. ಅಂತಹವರಿಗೆ ವೈದ್ಯರು ಬೇರೊಂದು ದಾರಿಯನ್ನು ಮಾಡಿಕೊಡುವರು. ಆ ದಾರಿಯೇ ಆಹಾರದ ನಳಿಕೆ. ಅದು ಏನು, ಹೇಗೆ ಬಂತು, ಅದರೊಡನೆ ಬಾಳುವುದು ಹೇಗೆ, ಅದನ್ನು ಕಾಲಕಾಲಕ್ಕೆ ಏಕೆ ಬದಲಾಯಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸುವೆವು.

ನಮಗೆ ಈ ವಿಷಯದ ಪರಿಚಯವಾದುದು ಪುಸ್ತಕದಿಂದಲ್ಲ. ನಮ್ಮ ಬಂಧುಗಳೊಬ್ಬರು ಬಹು ಕಾಲದಿಂದ ವಿಶಾಖಪಟ್ಟಣದಲ್ಲಿ ನೆಲೆಸಿದ್ದರು. ಒಂದು ದಿನ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲುಗಳು ಕ್ರಮೇಣ ಸ್ವಲ್ಪಮಟ್ಟಿಗೆ ಸ್ವಾಧೀನಕ್ಕೆ ಬಂದವು. ಮಾತೂ ತೊದಲುತ್ತ ಮರಳಿತು. ನುಂಗುವ ಶಕ್ತಿ ಮಾತ್ರ ಮರಳಲಿಲ್ಲ. ಮೊದಲು ಮೂಗಿನ ಮೂಲಕ, ಅನಂತರ ಹೊಟ್ಟೆಯ ಮೂಲಕ ಅವರಿಗೆ ನಳಿಕೆಯನ್ನು ಇರಿಸಿದರು. ಅವರ ಮಗಳು ವಿಜಯವಾಡದಲ್ಲಿದ್ದುದರಿಂದ ಅವರನ್ನು ಅಲ್ಲಿಗೆ ಕರೆದೊಯ್ಯುವಾಗ ನಾವೂ ಜೊತೆಗಿದ್ದೆವು. ಆ ಪ್ರಯಾಣದಲ್ಲಿ ನಡೆದುದನ್ನು ಮುಂದೆ ಹೇಳುವೆವು. ಅದನ್ನು ಅರಿಯಬೇಕಾದರೆ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ನುಂಗುವ ಕ್ರಿಯೆ

ಗಂಟಲಿನಲ್ಲಿ ಎರಡು ದಾರಿಗಳು ಕೂಡುವುವು. ಮುಂದಿನದು ಉಸಿರಿನ ದಾರಿಯಾದ ಶ್ವಾಸನಾಳ, ಹಿಂದಿನದು ಆಹಾರದ ದಾರಿಯಾದ ಅನ್ನನಾಳ. ಅನ್ನನಾಳದ ಉದ್ದ ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರು. ನಾವು ನುಂಗುವಾಗ ಧ್ವನಿಪೆಟ್ಟಿಗೆಯು ಮೇಲಕ್ಕೆ ಏಳುವುದು. ಶ್ವಾಸನಾಳದ ಬಾಯಿಯ ಮೇಲೆ ಮುಚ್ಚಳದಂತಿರುವ ಒಂದು ಎಲೆಯಾಕಾರದ ಮೃದ್ವಸ್ಥಿಯು ಬಾಗುವುದು. ಉಸಿರು ಒಂದು ಕ್ಷಣ ನಿಲ್ಲುವುದು. ತುತ್ತು ಹಿಂದಿನ ದಾರಿಗೆ ಜಾರುವುದು. ಇಷ್ಟೆಲ್ಲ ಆಗಲು ಒಂದೆರಡು ಸೆಕೆಂಡುಗಳು ಸಾಕು. ಹಲವು ಸ್ನಾಯುಗಳು ಒಂದರ ಹಿಂದೊಂದು ತಪ್ಪದೆ ಕೆಲಸಮಾಡಿದರೆ ಮಾತ್ರ ಇದು ಸಾಧ್ಯ. ಅವುಗಳನ್ನು ನಡೆಸುವ ಸೂತ್ರವು ಮೆದುಳಿನಲ್ಲಿದೆ.

ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ನರಗಳು ಕ್ಷಯಿಸುವ ರೋಗ ಇವುಗಳಿಂದ ಆ ಸೂತ್ರವು ತಪ್ಪಿದರೆ ಅನ್ನವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟಾಗಬಹುದು. ಹುಟ್ಟಿನಿಂದಲೇ ಮೆದುಳಿಗೆ ಘಾತವಾದ ಮಕ್ಕಳಲ್ಲಿಯೂ ಇದು ಕಂಡುಬರುವುದು. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಲ್ಲಿ ದಾರಿಯೇ ಕಟ್ಟಿಹೋಗಬಹುದು. ವಿಶಾಖಪಟ್ಟಣ ಮತ್ತು ಶ್ರೀಕಾಕುಳಂ ಪ್ರಾಂತದ ಹಳ್ಳಿಗಳಲ್ಲಿ ಚುಟ್ಟವನ್ನು, ಎಂದರೆ ಹೊಗೆಸೊಪ್ಪಿನ ಸುರುಳಿಯನ್ನು, ಹೊತ್ತಿದ ತುದಿ ಬಾಯಿಯೊಳಗೆ ಇರುವಂತೆ ಹಿಡಿದು ಸೇದುವ ವಿಚಿತ್ರ ರೂಢಿಯೊಂದುಂಟು. ತೆಲುಗಿನಲ್ಲಿ ಇದಕ್ಕೆ ಅಡ್ಡ ಪೊಗ ಎನ್ನುವರು. ಹೆಂಗಸರಲ್ಲಿಯೇ ಈ ಅಭ್ಯಾಸ ಹೆಚ್ಚು. ಇದರಿಂದ ಬಾಯಿಯ ಅಂಗಳಕ್ಕೆ ಕ್ಯಾನ್ಸರು ಬರುವುದೆಂದು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದಾರೆ. ಇಂತಹ ರೋಗಿಗಳಲ್ಲಿಯೂ ಕೆಲವರು ನಳಿಕೆಯನ್ನು ಆಶ್ರಯಿಸಬೇಕಾಗುವುದು.

ನಳಿಕೆಯ ಚರಿತ್ರೆ

ಜಠರಕ್ಕೆ ಹೊರಗಿನಿಂದ ಬಾಗಿಲಿರಬಹುದೆಂದು ಲೋಕಕ್ಕೆ ತೋರಿಸಿದುದು ಒಂದು ಅಪಘಾತ. 1822ರ ಜೂನ್ ತಿಂಗಳಿನಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡದ ಯುವಕನಿಗೆ ಅಕಸ್ಮಾತ್ತಾಗಿ ಬಂದೂಕಿನ ಗುಂಡು ತಗಲಿತು. ಸೇನಾವೈದ್ಯನಾದ ವಿಲಿಯಂ ಬೋಮಾಂಟನು ಅವನನ್ನು ಉಪಚರಿಸಿದನು. ಯುವಕನು ಬದುಕಿದನು, ಆದರೆ ಅವನ ಜಠರದ ಅಂಚು ಹೊರಗಿನ ಚರ್ಮದೊಡನೆ ಬೆಸೆದು ಒಂದು ರಂಧ್ರವು ಶಾಶ್ವತವಾಗಿ ಉಳಿಯಿತು. ಬೋಮಾಂಟನು ರೇಷ್ಮೆಯ ದಾರಕ್ಕೆ ಆಹಾರದ ಚೂರುಗಳನ್ನು ಕಟ್ಟಿ ಆ ರಂಧ್ರದೊಳಕ್ಕೆ ಇಳಿಬಿಟ್ಟು, ಅವು ಎಷ್ಟು ಹೊತ್ತಿಗೆ ಕರಗುವುವೆಂದು ಪರೀಕ್ಷಿಸಿದನು. 1833ರಲ್ಲಿ ಅವನು ಪ್ರಕಟಿಸಿದ ಗ್ರಂಥದಿಂದ ಜೀರ್ಣಕ್ರಿಯೆಯ ಜ್ಞಾನವು ಬಹಳ ಮುಂದುವರಿಯಿತು. ಸೇಂಟ್ ಮಾರ್ಟಿನನು ಆ ರಂಧ್ರದೊಡನೆಯೇ 1880ರವರೆಗೆ ಬಾಳಿದನು.

ಬೇಕೆಂದೇ ಇಂತಹ ದ್ವಾರವನ್ನು ಮಾಡಲು ಯತ್ನಿಸಿದವನು ಫ್ರಾನ್ಸಿನ ಶಸ್ತ್ರವೈದ್ಯನಾದ ಸೆಡಿಯೊ. 1849ರಲ್ಲಿ ಅವನು ಸ್ಟ್ರಾಸ್‌ಬರ್ಗಿನಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯು ಉಳಿಯಲಿಲ್ಲ. ಕ್ರಿಮಿನಾಶಕಗಳ ಬಳಕೆ ಆಗಿನ್ನೂ ಬಂದಿರಲಿಲ್ಲ. 1876ರಲ್ಲಿ ಪ್ಯಾರಿಸಿನ ವೆರ್ನಯ್ ಎಂಬುವನು, ದಾಹಕ ಕ್ಷಾರವನ್ನು ಕುಡಿದು ಅನ್ನನಾಳವನ್ನು ಸುಟ್ಟುಕೊಂಡಿದ್ದ ಒಬ್ಬ ತರುಣನಲ್ಲಿ ಈ ಕಾರ್ಯವನ್ನು ಸಫಲಗೊಳಿಸಿದನು.

ಮೂಗಿನ ಮೂಲಕ ಇಳಿಸುವ ನಳಿಕೆಗೆ ನಮ್ಮ ದೇಶದ ಆಸ್ಪತ್ರೆಗಳಲ್ಲೆಲ್ಲ ರೈಲ್ಸ್ ಟ್ಯೂಬು ಎಂದು ಹೆಸರು. ಇದಕ್ಕೂ ರೈಲುಗಾಡಿಗೂ ಯಾವ ಸಂಬಂಧವೂ ಇಲ್ಲ. ಜಾನ್ ರೈಲ್ ಎಂಬ ಇಂಗ್ಲಿಷ್ ವೈದ್ಯನು 1921ರಲ್ಲಿ ಇದನ್ನು ಬಳಕೆಗೆ ತಂದನು. ಜಠರದ ರಸವನ್ನು ಪರೀಕ್ಷೆಗಾಗಿ ಹೊರತೆಗೆಯಲು ಅವನು ಮಾಡಿದ ನಳಿಕೆಯು ಇಂದು ಜಠರಕ್ಕೆ ಅನ್ನವನ್ನು ಇಳಿಸಲು ಹೆಚ್ಚಾಗಿ ಉಪಯೋಗವಾಗುತ್ತಿದೆ. ಆದರೆ ಇದನ್ನು ತಿಂಗಳುಗಟ್ಟಲೆ ಇಡುವುದು ಕಷ್ಟ. ಮೂಗು ಗಂಟಲುಗಳು ಹುಣ್ಣಾಗುವುವು. ಕೆಮ್ಮಿದಾಗ ನಳಿಕೆ ಜಾರುವುದು. ಆದುದರಿಂದ ನಾಲ್ಕಾರು ವಾರಗಳಿಗಿಂತ ಹೆಚ್ಚು ಕಾಲ ನಳಿಕೆ ಬೇಕೆಂದಾದರೆ ವೈದ್ಯರು ಹೊಟ್ಟೆಯ ದಾರಿಯನ್ನು ಸೂಚಿಸುವರು.

ಆ ದಾರಿಯನ್ನು ಸುಲಭಗೊಳಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಗೌಡರರ್ ಮತ್ತು ಪಾನ್ಸ್ಕಿ ಎಂಬ ಇಬ್ಬರು ವೈದ್ಯರು. 1979ರಲ್ಲಿ ಅವರು ನಾಲ್ಕೂವರೆ ತಿಂಗಳಿನ ಒಂದು ಶಿಶುವಿಗೆ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆಯೇ ನಳಿಕೆಯನ್ನು ಇರಿಸಿದರು. ಅವರ ಯುಕ್ತಿ ಹೀಗಿತ್ತು: ಎಂಡೋಸ್ಕೋಪು ಎಂಬ ಬೆಳಕುಳ್ಳ ದರ್ಶಕ ನಾಳವನ್ನು ಬಾಯಿಯಿಂದ ಜಠರಕ್ಕೆ ಇಳಿಸಿದರೆ ಅದರ ಬೆಳಕು ಹೊಟ್ಟೆಯ ಚರ್ಮದ ಮೇಲೆ ಕೆಂಪಗೆ ಮಿನುಗುವುದು. ಅದೇ ಜಾಗದಲ್ಲಿ ಸೂಜಿಯನ್ನು ಚುಚ್ಚಿ, ಅದರ ಮೂಲಕ ದಾರವನ್ನು ಒಳಗೆ ಬಿಟ್ಟು, ಆ ದಾರವನ್ನು ಬಾಯಿಯಿಂದ ಹೊರಗೆ ಎಳೆದು, ಅದಕ್ಕೆ ನಳಿಕೆಯನ್ನು ಕಟ್ಟುವರು. ಆಮೇಲೆ ಹೊಟ್ಟೆಯ ಕಡೆಯಿಂದ ದಾರವನ್ನು ಎಳೆದರೆ ನಳಿಕೆಯು ಬಾಯಿ, ಅನ್ನನಾಳ, ಜಠರಗಳ ಮೂಲಕ ಹಾದು ಹೊಟ್ಟೆಯಿಂದ ಹೊರಕ್ಕೆ ಬರುವುದು. ಅದರ ಒಳತುದಿಯಲ್ಲಿರುವ ಗುಬಟೆಯು ಜಠರದ ಗೋಡೆಗೆ ತಾಗಿ ನಿಲ್ಲುವುದು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸವಿದು. ಇಂದು ಲೋಕದಲ್ಲೆಲ್ಲ ಈ ವಿಧಾನವೇ ಹೆಚ್ಚಾಗಿ ರೂಢಿಯಲ್ಲಿದೆ.

ದ್ವಾರವು ಏಕೆ ಮುಚ್ಚಿಕೊಳ್ಳುವುದು

ಇಲ್ಲಿ ವಿದ್ಯಾರ್ಥಿಗಳು ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಹೊಟ್ಟೆಯಲ್ಲಿ ದ್ವಾರವನ್ನು ಮಾಡಿದ ಮೇಲೆ ಅದು ಹಾಗೆಯೇ ಇರುವುದೆಂದು ನಾವು ತಿಳಿಯುವೆವು. ಅದು ತಪ್ಪು. ನಳಿಕೆ ಇರುವವರೆಗೆ ಮಾತ್ರ ದ್ವಾರ.

ಕಿವಿ ಚುಚ್ಚಿಸಿದುದನ್ನು ನೀವೆಲ್ಲರೂ ನೋಡಿದ್ದೀರಿ. ಚುಚ್ಚಿದ ಹೊಸತರಲ್ಲಿ ಒಂಟಿಯನ್ನು ತೆಗೆದಿಟ್ಟರೆ ತೂತು ಬೇಗನೆ ಮುಚ್ಚಿಕೊಳ್ಳುವುದು. ಆದುದರಿಂದಲೇ ಹಿರಿಯರು ಬೇವಿನ ಕಡ್ಡಿಯನ್ನಾದರೂ ಸಿಕ್ಕಿಸಿಡುತ್ತಿದ್ದರು. ವರ್ಷಗಳು ಕಳೆದ ಮೇಲೆ ಓಲೆಯನ್ನು ತೆಗೆದರೂ ತೂತು ಉಳಿಯುವುದು. ಏಕೆಂದರೆ ಆ ವೇಳೆಗೆ ತೂತಿನ ಒಳಗೋಡೆಗೂ ಚರ್ಮದ ಹೊದಿಕೆ ಬೆಳೆದಿರುತ್ತದೆ. ಸೇಂಟ್ ಮಾರ್ಟಿನನ ರಂಧ್ರವು ಉಳಿದುದೂ ಇಂತಹುದೇ ಕಾರಣದಿಂದ. ಜಠರದ ಒಳಪೊರೆಯೂ ಹೊರಚರ್ಮವೂ ಅಂಚಿಗೆ ಅಂಚು ಬೆಸೆದಿದ್ದವು. ಆದರೆ ನಳಿಕೆಯ ಸುತ್ತಣ ದಾರಿಯು ಹಾಗಲ್ಲ. ಅದು ಹಸಿ ಗಾಯದ ಮಾಂಸದಿಂದಲೇ ಆದ ಸುರಂಗ. ನಳಿಕೆಯು ತಡೆದಿರುವವರೆಗೆ ಅದು ತೆರೆದಿರುವುದು. ನಳಿಕೆ ಕಳಚಿದೊಡನೆ ಶರೀರವು ಅದನ್ನು ಗಾಯವೆಂದು ಬಗೆದು ಮಾಯಿಸಲು ತೊಡಗುವುದು. ತಿಂಗಳುಗಳ ಕಾಲ ಇದ್ದ ದ್ವಾರವೂ ಕೆಲವೇ ಗಂಟೆಗಳಲ್ಲಿ ಹೊಸ ನಳಿಕೆ ಹಿಡಿಸದಷ್ಟು ಕಿರಿದಾಗಬಲ್ಲದು. ಗಾಯವನ್ನು ಮಾಯಿಸುವ ಶಕ್ತಿಯು ಶರೀರಕ್ಕೆ ದೊರೆತ ದೊಡ್ಡ ವರ. ನಳಿಕೆಯಿಂದ ಬಾಳುವವನಿಗೆ ಮಾತ್ರ ಆ ವರವೇ ಒಂದು ಗಡುವನ್ನು ವಿಧಿಸುವುದು.

ಇದಕ್ಕೆ ಎದುರಾದ ಅಪಾಯ ಇನ್ನೊಂದುಂಟು. ಮೊದಲ ನಾಲ್ಕಾರು ವಾರಗಳಲ್ಲಿ ಸುರಂಗವು ಇನ್ನೂ ಗಟ್ಟಿಯಾಗಿರುವುದಿಲ್ಲ; ಜಠರವು ಹೊಟ್ಟೆಯ ಗೋಡೆಗೆ ಸರಿಯಾಗಿ ಅಂಟಿಕೊಂಡಿರುವುದಿಲ್ಲ. ಆಗ ನಳಿಕೆ ಕಳಚಿ, ಯಾರಾದರೂ ಆತುರದಿಂದ ಮತ್ತೆ ತೂರಿಸಿದರೆ, ಅದು ಜಠರಕ್ಕೆ ಹೋಗದೆ ಉದರದ ಕುಹರಕ್ಕೆ ಹೋಗಬಹುದು. ಅದರಲ್ಲಿ ಅನ್ನವನ್ನು ಸುರಿದರೆ ಪ್ರಾಣಾಪಾಯವಾಗುವುದು. ಆದುದರಿಂದ ಹೊಸ ದ್ವಾರದಿಂದ ನಳಿಕೆ ಕಳಚಿದರೆ ಮನೆಯವರು ಏನನ್ನೂ ತೂರಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಳಿಕೆಯನ್ನು ಬದಲಾಯಿಸುವ ರೀತಿ

ಮೊದಲ ನಳಿಕೆಯನ್ನು ಕೆಲವು ತಿಂಗಳುಗಳ ಮೇಲೆ ತೆಗೆದು, ಅದರ ಬದಲಿಗೆ ಅನೇಕ ವೇಳೆ ಬಲೂನು ನಳಿಕೆಯನ್ನು ಇಡುವರು. ಇದರ ಒಳತುದಿಯಲ್ಲಿ ಪುಟ್ಟ ಬಲೂನೊಂದು ಇರುವುದು. ನಳಿಕೆಯು ಜಠರವನ್ನು ಹೊಕ್ಕ ಮೇಲೆ ಪಕ್ಕದ ಸಣ್ಣ ಬಾಯಿಯಿಂದ ನಿಗದಿಯಾದಷ್ಟು ಶುದ್ಧ ನೀರನ್ನು ತುಂಬಿದರೆ ಬಲೂನು ಉಬ್ಬಿ ನಳಿಕೆಯನ್ನು ಹಿಡಿದು ನಿಲ್ಲಿಸುವುದು. ಗಾಳಿಯನ್ನು ತುಂಬುವಂತಿಲ್ಲ, ಅದು ಬೇಗ ಸೋರಿಹೋಗುವುದು. ಉಪ್ಪುನೀರೂ ಸಲ್ಲದು, ಉಪ್ಪು ಹರಳುಗಟ್ಟಿ ಕವಾಟವನ್ನು ಕೆಡಿಸುವುದು. ಶುದ್ಧ ನೀರೂ ದಿನಕಳೆದಂತೆ ತುಸು ಇಂಗುವುದರಿಂದ ವಾರಕ್ಕೊಮ್ಮೆ ಅದನ್ನು ಪಿಚಕಾರಿಯಿಂದ ಹೊರತೆಗೆದು ಅಳೆದು, ಕಡಿಮೆಯಾಗಿದ್ದರೆ ಸರಿಪಡಿಸಿ ತುಂಬಬೇಕು. ಹೀಗೆ ಅಳೆಯುವಾಗ ನಳಿಕೆಯು ಹೊರಗೆ ಜಾರದಂತೆ ಕೈಯಿಂದ ಹಿಡಿದಿರಬೇಕು.

ಬಲೂನು ನಳಿಕೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳುಗಳಿಗೊಮ್ಮೆ ಬದಲಾಯಿಸುವರು. ಹಳೆಯ ಬಲೂನಿನ ನೀರನ್ನು ತೆಗೆದು ನಳಿಕೆಯನ್ನು ಮೆಲ್ಲನೆ ಎಳೆಯುವರು; ಜಾರುವ ಲೇಪವನ್ನು ಹಚ್ಚಿದ ಹೊಸ ನಳಿಕೆಯನ್ನು ಅದೇ ದಾರಿಯಲ್ಲಿ ಇಳಿಸುವರು; ಬಲೂನನ್ನು ತುಂಬುವರು. ಗಟ್ಟಿಯಾದ ದ್ವಾರದಲ್ಲಿ ಇದು ಕೆಲವೇ ನಿಮಿಷಗಳ ಕೆಲಸ, ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ನಳಿಕೆಯ ದಪ್ಪವನ್ನು ಫ್ರೆಂಚ್ ಎಂಬ ಮಾನದಿಂದ ಅಳೆಯುವರು. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೆಯ ಒಂದು ಪಾಲು. ಎಂದರೆ 18 ಫ್ರೆಂಚಿನ ನಳಿಕೆಗೆ 6 ಮಿಲಿಮೀಟರು ದಪ್ಪ. ಹೊಸ ನಳಿಕೆಯು ಸರಿಯಾದ ಎಡೆಯಲ್ಲಿದೆಯೆಂದು ಖಚಿತವಾಗುವವರೆಗೆ ಅದರಲ್ಲಿ ಒಂದು ಹನಿಯನ್ನೂ ಬಿಡುವಂತಿಲ್ಲ. ನಳಿಕೆಯಿಂದ ಸ್ವಲ್ಪ ರಸವನ್ನು ಸೆಳೆದು ಪರೀಕ್ಷಾ ಕಾಗದಕ್ಕೆ ತಾಗಿಸಿದರೆ ಜಠರದ ಆಮ್ಲವು ಬಣ್ಣದಿಂದ ತನ್ನ ಗುರುತನ್ನು ತೋರಿಸುವುದು. ರಸಾಯನಶಾಸ್ತ್ರದ ಪಾಠದಲ್ಲಿ ನೀವು ನೋಡುವ ಲಿಟ್ಮಸ್ಸಿನ ಬಂಧುವೇ ಈ ಕಾಗದ. ಸಂದೇಹವಿದ್ದರೆ ಕ್ಷಕಿರಣದ ಚಿತ್ರವನ್ನು ತೆಗೆಯುವರು.

ಅಣ್ಣಾವರದ ಬಳಿ ನಡೆದುದು

ಈಗ ನಮ್ಮ ಪ್ರಯಾಣದ ವಿಷಯಕ್ಕೆ ಬರುವೆವು. ವಿಶಾಖಪಟ್ಟಣದಲ್ಲಿ 1923ರಿಂದಲೂ ವೈದ್ಯಕೀಯ ಕಾಲೇಜು ಇದೆ. ಕಿಂಗ್ ಜಾರ್ಜ್ ಆಸ್ಪತ್ರೆಯೂ ಅದೇ ವರ್ಷದ್ದು. ವಿಜಯವಾಡದಲ್ಲಿ 1980ರಲ್ಲಿ ವೈದ್ಯಕೀಯ ಕಾಲೇಜೂ, 1986ರಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಎರಡು ನಗರಗಳಲ್ಲಿಯೂ ನಳಿಕೆಯನ್ನು ಬಲ್ಲ ವೈದ್ಯರಿಗೆ ಕೊರತೆಯಿಲ್ಲ. ಆದರೆ ಎರಡರ ನಡುವೆ ರೈಲಿನ ದಾರಿ ಸುಮಾರು 350 ಕಿಲೋಮೀಟರು; ಸಾಮಾನ್ಯ ವೇಗದ ಗಾಡಿಗೆ ಆರು ಗಂಟೆಗಳ ಪಯಣ.

ನಮ್ಮ ಬಂಧುಗಳಿಗೆ ಬಲೂನು ನಳಿಕೆಯನ್ನು ಇಟ್ಟು ಆಗ ನಾಲ್ಕು ತಿಂಗಳಾಗಿತ್ತು. ತುನಿಯನ್ನು ದಾಟಿ, ಅಣ್ಣಾವರದ ಸತ್ಯನಾರಾಯಣಸ್ವಾಮಿಯ ಬೆಟ್ಟವನ್ನು ಅವರಿಗೆ ಕಿಟಕಿಯಿಂದ ತೋರಿಸುತ್ತಿದ್ದೆವು. ಅವರು ಕೈಮುಗಿಯಲು ಹೊರಳಿದಾಗ ನಳಿಕೆಯ ತುದಿಯು ಚೀಲದ ಪಟ್ಟಿಗೆ ಸಿಕ್ಕಿ, ಇಡೀ ನಳಿಕೆಯೇ ಕಳಚಿ ಮಡಿಲಿಗೆ ಬಿದ್ದಿತು. ನೋವೇನೂ ಆಗಲಿಲ್ಲ, ರಕ್ತವೂ ಬರಲಿಲ್ಲ. ಆದುದರಿಂದ ನಾವು, ಗಾಬರಿಯಿಲ್ಲ, ಒಂದು ಶುಭ್ರವಾದ ಬಟ್ಟೆಯನ್ನು ಕಟ್ಟಿ ವಿಜಯವಾಡಕ್ಕೆ ಹೋದ ಮೇಲೆ ವೈದ್ಯರಿಗೆ ತೋರಿಸೋಣ ಎಂದೆವು. ಅವರ ಮಗಳು ಒಪ್ಪಲಿಲ್ಲ. ವಿಜಯವಾಡಕ್ಕೆ ಇನ್ನೂ ನಾಲ್ಕು ಗಂಟೆ ಇದೆ, ದ್ವಾರವು ಅಷ್ಟು ಹೊತ್ತು ಕಾಯುವುದಿಲ್ಲ ಎಂದಳು.

ಆಕೆಗೆ ಆಸ್ಪತ್ರೆಯ ದಾದಿಯೊಬ್ಬರು ಈ ಕೆಲಸವನ್ನು ಕಲಿಸಿದ್ದರು. ತಮ್ಮ ಕಣ್ಣೆದುರಿನಲ್ಲಿಯೇ ಎರಡು ಬಾರಿ ಮಾಡಿಸಿದ್ದರು. ಆಕೆಯ ಚೀಲದಲ್ಲಿ ಅದೇ ಅಳತೆಯದೊಂದು, ಅದಕ್ಕಿಂತ ಸಣ್ಣದೊಂದು, ಹೀಗೆ ಎರಡು ನಳಿಕೆಗಳಿದ್ದವು. ಕೈಗಳನ್ನು ತೊಳೆದುಕೊಂಡು ಮೊದಲನೆಯದನ್ನು ಇಳಿಸಲು ನೋಡಿದಳು. ಅದು ಬಾಯಲ್ಲಿಯೇ ತಡೆಯಿತು. ಆಕೆ ಬಲವನ್ನು ಪ್ರಯೋಗಿಸಲಿಲ್ಲ. ಸಣ್ಣದನ್ನು ತೆಗೆದುಕೊಂಡಳು, ಅದು ಮೆಲ್ಲನೆ ಜಾರಿತು. ಬಲೂನನ್ನು ತುಂಬದೆ, ದ್ವಾರವು ಮುಚ್ಚದಿರಲೆಂದು ಅದನ್ನು ಹೊಟ್ಟೆಗೆ ಪಟ್ಟಿಯಿಂದ ಅಂಟಿಸಿದಳು. ಮಧ್ಯಾಹ್ನದ ಊಟದ ಹೊತ್ತಾಗಿದ್ದರೂ ನಳಿಕೆಯಲ್ಲಿ ಏನನ್ನೂ ಬಿಡಲಿಲ್ಲ. ರಾಜಮಹೇಂದ್ರಿಯ ಬಳಿ ಗೋದಾವರಿಯ ಸೇತುವೆಯನ್ನು ದಾಟುವಾಗ ಅವರು, ಹಸಿವಾಗುತ್ತಿದೆ, ಎಂದು ತೊದಲಿದರು. ಮಗಳು ಅವರ ಕೈಯನ್ನು ಹಿಡಿದು, ಇನ್ನೂ ಸ್ವಲ್ಪ ಹೊತ್ತು, ಎಂದಳು. ನಮಗೆ ಆ ಸೇತುವೆಯು ಎಂದೂ ಅಷ್ಟು ಉದ್ದವಾಗಿ ತೋರಿರಲಿಲ್ಲ.

ವಿಜಯವಾಡವನ್ನು ಮುಟ್ಟಿದೊಡನೆ ನೇರವಾಗಿ ಆಸ್ಪತ್ರೆಗೆ ಹೋದೆವು. ವೈದ್ಯರು ಸಣ್ಣ ನಳಿಕೆಯ ದಾರಿಯನ್ನೇ ಕ್ರಮವಾಗಿ ಹಿಗ್ಗಿಸಿ ಮೊದಲಿನ ಅಳತೆಯ ನಳಿಕೆಯನ್ನು ಇರಿಸಿದರು, ರಸವನ್ನು ಪರೀಕ್ಷಿಸಿದರು. ದ್ವಾರವು ಮುಚ್ಚಿದ್ದರೆ ಮತ್ತೆ ಎಂಡೋಸ್ಕೋಪು, ಮತ್ತೆ ಸೂಜಿ, ಮತ್ತೆ ವಾರಗಳ ಕಾಯುವಿಕೆ ಆಗುತ್ತಿತ್ತೆಂದು ತಿಳಿಸಿದರು. ಕಳಚಿದ ಹಳೆಯ ನಳಿಕೆಯ ಬಲೂನನ್ನು ಅಳೆದು ನೋಡಿದಾಗ ಅದರಲ್ಲಿ ಅರ್ಧದಷ್ಟೂ ನೀರಿರಲಿಲ್ಲ. ಪ್ರಯಾಣದ ಸಿದ್ಧತೆಯ ಗಡಿಬಿಡಿಯಲ್ಲಿ ಮೂರು ವಾರಗಳಿಂದ ನೀರನ್ನು ಅಳೆಯುವುದನ್ನು ಮರೆತವರು ನಾವೇ. ಆ ಕೆಲಸವನ್ನು ನಾವು ಒಪ್ಪಿಕೊಂಡಿದ್ದೆವು.

ನಳಿಕೆಯೊಡನೆ ದಿನಚರಿ

ನಳಿಕೆಯಿಂದ ಉಣ್ಣುವವರ ದಿನಚರಿಯಲ್ಲಿ ನಿಗೂಢವಾದುದು ಏನೂ ಇಲ್ಲ. ತಲೆ ಎದೆಗಳನ್ನು ಎತ್ತರಿಸಿ ಕೂರಿಸಬೇಕು. ಉಂಡ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಮಲಗಿಸಬಾರದು. ಮೊದಲು ನೀರು, ಅನಂತರ ಆಹಾರ, ಕಡೆಗೆ ಮತ್ತೆ ನೀರು. ಈ ಕಡೆಯ ನೀರು ನಳಿಕೆಯನ್ನು ತೊಳೆಯುವುದು. ಔಷಧಗಳನ್ನು ಒಂದೊಂದಾಗಿ ನುಣ್ಣಗೆ ಅರೆದು ಕೊಡಬೇಕು, ಆಹಾರದಲ್ಲಿ ಬೆರೆಸಬಾರದು. ಕೆಲವು ಗುಳಿಗೆಗಳನ್ನು ಅರೆಯಲೇ ಕೂಡದು. ಅದನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ನಳಿಕೆ ಕಟ್ಟಿಕೊಂಡರೆ ಬೆಚ್ಚಗಿನ ನೀರನ್ನು ಮೆಲ್ಲನೆ ಆಡಿಸಬೇಕೇ ಹೊರತು ತಂತಿಯನ್ನು ತೂರಿಸಬಾರದು. ರಾಗಿಯ ಅಂಬಲಿ, ಬೇಳೆಯ ಕಟ್ಟು, ಹಾಲು ಮೊದಲಾದವುಗಳನ್ನು ಆಹಾರತಜ್ಞರು ಹೇಳಿದ ಪ್ರಮಾಣದಲ್ಲಿ ತೆಳುವಾಗಿ ಮಾಡಿ, ಸೋಸಿ ಕೊಡಬಹುದು. ವಿಜಯವಾಡದ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ ಮಾಡಿಟ್ಟ ಆಹಾರವು ಬೇಗ ಹಳಸುವುದು. ಆಗಾಗ ಹೊಸದಾಗಿಯೇ ಮಾಡಬೇಕು.

ಬಾಯಿಯಿಂದ ಉಣ್ಣದಿದ್ದರೂ ಹಲ್ಲುಜ್ಜುವುದನ್ನು ಬಿಡುವಂತಿಲ್ಲ. ಬಾಯಿಯಲ್ಲಿ ಬೆಳೆದ ಕ್ರಿಮಿಗಳು ಎಂಜಲಿನೊಡನೆ ಶ್ವಾಸಕೋಶಕ್ಕೆ ಇಳಿಯಬಲ್ಲವು. ದ್ವಾರದ ಸುತ್ತಣ ಚರ್ಮವನ್ನು ನಿತ್ಯವೂ ಸಾಬೂನು ನೀರಿನಿಂದ ತೊಳೆದು ಒಣಗಿಸಬೇಕು. ಅಲ್ಲಿ ಕೆಂಪು, ಕೀವು, ಊತ ಕಂಡರೆ, ಅಥವಾ ಜ್ವರ ಬಂದರೆ ವೈದ್ಯರಿಗೆ ತಿಳಿಸಬೇಕು.

ಇಷ್ಟೆಲ್ಲ ಕ್ರಮಗಳನ್ನು ಕಲಿತ ಮೇಲೆಯೂ ಒಂದು ಕಷ್ಟ ಉಳಿಯುವುದು. ಊಟವೆಂದರೆ ಹೊಟ್ಟೆ ತುಂಬುವುದಷ್ಟೇ ಅಲ್ಲ. ರುಚಿ, ವಾಸನೆ, ಪಂಕ್ತಿಯಲ್ಲಿ ಕುಳಿತು ಆಡುವ ಮಾತು ಇವೂ ಊಟದಲ್ಲಿ ಸೇರಿವೆ. ವಿಶಾಖಪಟ್ಟಣದಲ್ಲಿದ್ದಾಗ ನಮ್ಮ ಬಂಧುಗಳಿಗೆ ಬೇರೆ ಕೋಣೆಯಲ್ಲಿ ಆಹಾರವನ್ನು ಕೊಟ್ಟು, ಆಮೇಲೆ ನಾವು ಅಡುಗೆಮನೆಯಲ್ಲಿ ಸದ್ದಿಲ್ಲದೆ ಉಣ್ಣುತ್ತಿದ್ದೆವು. ಅವರ ಆಸೆಯನ್ನು ಕೆರಳಿಸಬಾರದೆಂದು ನಮ್ಮ ಎಣಿಕೆ. ವಿಜಯವಾಡಕ್ಕೆ ಬಂದ ಮಾರನೆಯ ದಿನ ಅವರೇ, ನನ್ನನ್ನು ಏಕೆ ಪಂಕ್ತಿಯಿಂದ ಎಬ್ಬಿಸಿದಿರಿ, ಎಂದು ಕೇಳಿದರು. ಅಂದಿನಿಂದ ಅವರ ಕುರ್ಚಿಯನ್ನು ಎಲ್ಲರ ನಡುವೆ ಹಾಕಿದೆವು. ಮಗಳು ಒಂದು ಕೈಯಲ್ಲಿ ಪಿಚಕಾರಿಯನ್ನು ಎತ್ತಿ ಹಿಡಿದು ಅವರಿಗೆ ಅಂಬಲಿಯನ್ನು ಬಿಡುತ್ತಿದ್ದಳು. ಅವರು ಸಾರಿನ ಪರಿಮಳವನ್ನು ಹೀರಿ, ಇಂಗು ಹೆಚ್ಚಾಯಿತು, ಎಂದು ತೀರ್ಪು ಕೊಡುತ್ತಿದ್ದರು. ಆ ತೀರ್ಪು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ತರಗತಿಯಲ್ಲಿಯೋ ನಳಿಕೆಯಿಂದ ಉಣ್ಣುವವರೊಬ್ಬರು ಇರಬಹುದು. ನಳಿಕೆಯನ್ನು ಮುಟ್ಟುವ ಕೆಲಸ ಕಲಿತವರದು; ನೀವು ಅದಕ್ಕೆ ಕೈಹಾಕಬಾರದು. ಆದರೆ ಅದು ಕಳಚಿದುದನ್ನು ಕಂಡರೆ, ನೋವಿಲ್ಲ ರಕ್ತವಿಲ್ಲವೆಂದು ಸುಮ್ಮನಿರದೆ ಕೂಡಲೇ ಹಿರಿಯರನ್ನು ಕರೆಯಿರಿ. ದ್ವಾರವು ಕಾಯುವುದಿಲ್ಲವೆಂದು ಅವರಿಗೆ ಹೇಳಿರಿ. ನಳಿಕೆಯನ್ನು ಇಟ್ಟ ದಿನ, ಅದರ ಅಳತೆ, ಮುಂದೆ ಬದಲಾಯಿಸಬೇಕಾದ ದಿನ ಈ ಮೂರನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡುವ ಕೆಲಸವನ್ನು ನೀವೇ ವಹಿಸಿಕೊಳ್ಳಬಹುದು. ಊಟದ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ವಿಜಯವಾಡದ ಆ ಮನೆಯ ಪಂಚಾಂಗದಲ್ಲಿ ಈಗ ಪ್ರತಿ ಭಾನುವಾರದ ಮೇಲೂ ನೀರು ಎಂಬ ಒಂದು ಪದವಿದೆ. ಅದನ್ನು ಬರೆದವರು ನಾವು.